ಜ್ವರ ಬಂದದ್ದು ಮೊನ್ನೆ, ಕಾಯಿಲೆ ಮೊದಲಾದದ್ದು ಎಂದೋ: ವೈರಸ್ ಸೋಂಕು ಮತ್ತು ಮಕ್ಕಳ ಡಯಾಬಿಟಿಸ್

ಮಗುವಿಗೆ ಟೈಪ್ 1 ಡಯಾಬಿಟಿಸ್ ಇದೆ ಎಂದು ತಿಳಿಸಿದ ಮೇಲೆ ತಂದೆ ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಇರುತ್ತದೆ: “ಹದಿನೈದು ದಿನದ ಹಿಂದೆ ಜ್ವರ ಬಂದಿತ್ತು ಡಾಕ್ಟ್ರೇ, ಅದರಿಂದಲೇ ಹೀಗಾಯಿತಾ?” ಈ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ, ಏಕೆಂದರೆ ನೂರೈವತ್ತು ವರ್ಷಗಳಿಗೂ ಹಿಂದಿನಿಂದ ವೈದ್ಯರು ಕೇಳಿಕೊಂಡು ಬಂದಿರುವುದೂ ಇದನ್ನೇ. ವೈರಸ್‌ನ ಮೇಲೆ ಅನುಮಾನ ಪಡುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಆದರೆ ಅನುಮಾನ ಪಡಬೇಕಾದ ಸೋಂಕು ಹದಿನೈದು ದಿನದ ಹಿಂದಿನದಲ್ಲ, ಬಹುಪಾಲು ಮಕ್ಕಳಲ್ಲಿ ಅದು ವರ್ಷಗಳ ಹಿಂದಿನದು. ಇವತ್ತು ನಾನು ಹೇಳಬೇಕೆಂದಿರುವ ಎಲ್ಲ ವಿಷಯವೂ ಈ ಕಾಲದ ಅಂತರವನ್ನು ಅರ್ಥ ಮಾಡಿಕೊಳ್ಳುವುದರ ಸುತ್ತಲೇ ಇದೆ.

ಮೊದಲಿಗೆ, ನಾವು ಮಾತನಾಡುತ್ತಿರುವ ಕಾಯಿಲೆ ಯಾವುದೆಂದು ಸ್ಪಷ್ಟಪಡಿಸಿಕೊಳ್ಳೋಣ. ವಯಸ್ಸಾದವರಲ್ಲಿ, ತೂಕ ಹೆಚ್ಚಾದವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಡಯಾಬಿಟಿಸ್ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1ರಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯೊಳಗಿನ ಬೀಟಾ ಕೋಶಗಳನ್ನು ಶತ್ರುವೆಂದು ಬಗೆದು ನಾಶಮಾಡುತ್ತದೆ. ಇನ್ಸುಲಿನ್ ತಯಾರಾಗುವುದು ಆ ಕೋಶಗಳಲ್ಲಿ ಮಾತ್ರ. 1869ರಲ್ಲಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಗುರುತಿಸಿದ ಪುಟ್ಟ ಪುಟ್ಟ ಕೋಶಗುಚ್ಛಗಳಲ್ಲಿ ಅವು ವಾಸಿಸುತ್ತವೆ. ಮಗು ಸಿಹಿ ತಿಂದದ್ದಕ್ಕೂ ಈ ನಾಶಕ್ಕೂ ಸಂಬಂಧವಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಏಕೆಂದರೆ ನೆಂಟರಿಷ್ಟರ ಬಾಯಿಂದ ಆ ಆರೋಪ ತಾಯಿಯ ಮೇಲೆ ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಈ ನಾಶ ಒಂದು ರಾತ್ರಿಯಲ್ಲಿ ಆಗುವುದಿಲ್ಲ. 1974ರಲ್ಲಿ ಬೊಟ್ಟಾಜೊ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಈ ಕೋಶಗುಚ್ಛಗಳ ವಿರುದ್ಧವೇ ತಯಾರಾದ ಪ್ರತಿಕಾಯಗಳನ್ನು, ಅಂದರೆ ಆಟೋ ಆಂಟಿಬಾಡಿಗಳನ್ನು, ಕಂಡುಹಿಡಿದ ಮೇಲೆ ನಮಗೆ ಕಾಯಿಲೆಯ ಗುಪ್ತ ಅವಧಿಯನ್ನು ನೋಡಲು ಒಂದು ಕಿಟಕಿ ಸಿಕ್ಕಿತು. ಇಂದು ನಾವು ಈ ಕಾಯಿಲೆಯನ್ನು ಮೂರು ಹಂತಗಳಲ್ಲಿ ನೋಡುತ್ತೇವೆ. ಎರಡು ಅಥವಾ ಹೆಚ್ಚು ಬಗೆಯ ಆಟೋ ಆಂಟಿಬಾಡಿ ಇದ್ದೂ ರಕ್ತದ ಸಕ್ಕರೆ ಸರಿಯಾಗಿರುವುದು ಮೊದಲನೆಯದು, ಸಕ್ಕರೆ ಸ್ವಲ್ಪ ಏರುಪೇರಾಗುವುದು ಎರಡನೆಯದು, ಬಾಯಾರಿಕೆ ಮತ್ತು ಮೂತ್ರದಂತಹ ಲಕ್ಷಣಗಳೊಂದಿಗೆ ರೋಗ ಹೊರಬೀಳುವುದು ಮೂರನೆಯದು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ಎರಡು ಅಥವಾ ಹೆಚ್ಚು ಆಟೋ ಆಂಟಿಬಾಡಿಗಳು ಕಾಣಿಸಿಕೊಂಡ ಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಡಯಾಬಿಟಿಸ್ ಬಂದಿತ್ತು. ಅನೇಕ ಮಕ್ಕಳಲ್ಲಿ ಈ ಆಂಟಿಬಾಡಿಗಳು ಮೊದಲು ಕಾಣಿಸಿಕೊಳ್ಳುವುದು ಒಂದರಿಂದ ಮೂರು ವರ್ಷದ ವಯಸ್ಸಿನಲ್ಲಿ. ಎಂಟನೆಯ ವಯಸ್ಸಿನಲ್ಲಿ ರೋಗ ಪತ್ತೆಯಾದ ಮಗುವಿನ ಕಥೆ ಎರಡನೆಯ ವಯಸ್ಸಿನಲ್ಲೇ ಶುರುವಾಗಿರಬಹುದು ಎಂದರೆ ಅತಿಶಯೋಕ್ತಿಯಲ್ಲ.

ಹಾಗಾದರೆ ಆ ಹದಿನೈದು ದಿನದ ಹಿಂದಿನ ಜ್ವರ ಮಾಡಿದ್ದೇನು? ಯಾವುದೇ ಜ್ವರ ಬಂದಾಗ ದೇಹದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ಏರುತ್ತವೆ. ಅವು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಮಾಡುವುದರಿಂದ ಅದರ ಬೇಡಿಕೆ ಹೆಚ್ಚುತ್ತದೆ. ಆರೋಗ್ಯವಂತ ಮಗುವಿನ ಬೀಟಾ ಕೋಶಗಳು ಆ ಬೇಡಿಕೆಯನ್ನು ಸಲೀಸಾಗಿ ಪೂರೈಸುತ್ತವೆ. ಅವುಗಳ ಬಹುಭಾಗವನ್ನು ಈಗಾಗಲೇ ಕಳೆದುಕೊಂಡ ಮಗುವಿಗೆ ಅದು ಸಾಧ್ಯವಾಗುವುದಿಲ್ಲ, ಸಕ್ಕರೆ ಒಮ್ಮೆಲೇ ಏರಿ ರೋಗ ಬಯಲಾಗುತ್ತದೆ. ಆ ಜ್ವರ ಬಾರದೇ ಇದ್ದಿದ್ದರೆ ಕೆಲವು ವಾರಗಳೋ ತಿಂಗಳುಗಳೋ ತಡವಾಗಿ ಅದೇ ಸ್ಥಿತಿ ಬರುತ್ತಿತ್ತು. ಚಳಿಗಾಲದಲ್ಲಿ ಹೊಸ ರೋಗಿಗಳ ಸಂಖ್ಯೆ ಏರುತ್ತದೆ ಎಂಬ ಹಳೆಯ ಗಮನಿಕೆಗೂ ಬಹುಮಟ್ಟಿಗೆ ಇದೇ ವಿವರಣೆ ಸಾಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಆ ಆಟೋ ಆಂಟಿಬಾಡಿಗಳು ಹುಟ್ಟಿಕೊಂಡ ಮೊದಲ ಕ್ಷಣದಲ್ಲಿ ಏನಾಯಿತು? ಎಲ್ಲವೂ ವಂಶವಾಹಿಗಳ ಆಟ ಎನ್ನುವಂತಿಲ್ಲ. ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿನಲ್ಲಿ ಅಪಾಯದ ಬಹುದೊಡ್ಡ ಪಾಲಿದೆ ಎಂಬುದು ನಿಜ. ಆದರೂ ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಟೈಪ್ 1 ಬಂದರೆ ಇನ್ನೊಬ್ಬರಿಗೂ ಖಂಡಿತ ಬರುತ್ತದೆ ಎಂದೇನಿಲ್ಲ, ಅನೇಕ ಜೋಡಿಗಳಲ್ಲಿ ಇನ್ನೊಬ್ಬರು ಆರೋಗ್ಯವಾಗಿಯೇ ಉಳಿಯುತ್ತಾರೆ. ಯುರೋಪಿನಲ್ಲಿ 1989ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಮಕ್ಕಳ ಟೈಪ್ 1 ಪ್ರಮಾಣ ವರ್ಷಕ್ಕೆ ಸರಾಸರಿ ಶೇಕಡಾ 3ಕ್ಕಿಂತ ಹೆಚ್ಚಿನ ವೇಗದಲ್ಲಿ ಏರಿತು. ಒಂದು ತಲೆಮಾರಿನಲ್ಲಿ ಜನರ ವಂಶವಾಹಿಗಳು ಅಷ್ಟು ಬದಲಾಗುವುದಿಲ್ಲ. ಹೊರಗಿನಿಂದ ಏನೋ ಬಂದು ತಟ್ಟುತ್ತಿದೆ ಎಂಬುದು ಸ್ಪಷ್ಟ. ಆ ‘ಏನೋ’ಗಳ ಪಟ್ಟಿಯಲ್ಲಿ ಆಹಾರ, ಕರುಳಿನ ಸೂಕ್ಷ್ಮಜೀವಿಗಳು, ವಿಟಮಿನ್ ಡಿ ಎಲ್ಲವೂ ಇವೆ. ನಾನು ಇಂದು ವೈರಸ್‌ಗಳನ್ನೇ ಹಿಡಿದುಕೊಳ್ಳುತ್ತೇನೆ.

1864ರಲ್ಲಿ ನಾರ್ವೆಯ ಒಬ್ಬ ವೈದ್ಯರು ಮಂಗನಬಾವು ಬಂದ ಮೇಲೆ ಡಯಾಬಿಟಿಸ್ ಕಾಣಿಸಿಕೊಂಡ ರೋಗಿಯೊಬ್ಬರ ಬಗ್ಗೆ ಬರೆದರು. ಅದು ಕೇವಲ ಒಂದು ಗಮನಿಕೆ. ಹೆಚ್ಚು ಬಲವಾದ ಪಾಠ ಬಂದದ್ದು ರುಬೆಲ್ಲಾದಿಂದ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ ಇದ್ದ ಶಿಶುಗಳ ತಾಯಂದಿರಲ್ಲಿ ಹೆಚ್ಚಿನವರಿಗೆ ಬಸುರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತು ಎಂದು ಗುರುತಿಸಿದರು. ಆ ಮಕ್ಕಳು ದೊಡ್ಡವರಾದ ಮೇಲೆ, 1970ರ ದಶಕದ ಆರಂಭದಲ್ಲಿ, ಆಸ್ಟ್ರೇಲಿಯಾದ ಸಂಶೋಧಕರು ಅವರನ್ನು ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಡಯಾಬಿಟಿಸ್ ಅದೇ ವಯಸ್ಸಿನ ಉಳಿದವರಿಗಿಂತ ಬಹಳ ಹೆಚ್ಚಾಗಿ ಕಂಡುಬಂತು. ಇಲ್ಲಿ ಕಾಲದ ಅಂತರವನ್ನು ಗಮನಿಸಿ. ಸೋಂಕು ತಗುಲಿದ್ದು ತಾಯಿಯ ಗರ್ಭದಲ್ಲಿ, ಡಯಾಬಿಟಿಸ್ ಪತ್ತೆಯಾದದ್ದು ಆ ಮಗು ಯೌವನಕ್ಕೆ ಬಂದ ಮೇಲೆ. ಆ ವ್ಯಕ್ತಿಗೆ ರೋಗ ಪತ್ತೆಯಾದ ವಾರದಲ್ಲಿ ನೆಗಡಿ ಇತ್ತೇ ಎಂದು ಕೇಳುತ್ತ ಕುಳಿತಿದ್ದರೆ ನಿಜವಾದ ಕಾರಣ ನಮಗೆ ಎಂದೂ ತಿಳಿಯುತ್ತಿರಲಿಲ್ಲ. ಲಸಿಕೆ ತಲುಪಿದ ದೇಶಗಳಲ್ಲಿ ಗರ್ಭದಲ್ಲಿ ರುಬೆಲ್ಲಾ ತಗುಲಿದ ಶಿಶುಗಳು ಈಗ ಅಪರೂಪ. ಅಂದರೆ ಈ ಒಂದು ದಾರಿಯಿಂದ ಬರುವ ಡಯಾಬಿಟಿಸನ್ನು ನಾವು ಲಸಿಕೆಯಿಂದ ತಡೆದಿದ್ದೇವೆ. ಇದು ಸಣ್ಣ ಸಂಗತಿಯಲ್ಲ, ಇದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬ ಬೇಸರ ನನಗಿದೆ.

ಇನ್ನು ಇಂದಿನ ಮುಖ್ಯ ಶಂಕಿತ, ಎಂಟರೋವೈರಸ್‌ಗಳ ಗುಂಪು. ಇವು ಕರುಳಿನಲ್ಲಿ ಬೆಳೆಯುವ ವೈರಸ್‌ಗಳು, ಪೋಲಿಯೊ ಕೂಡ ಇದೇ ಕುಟುಂಬದ್ದು. ಇವುಗಳಲ್ಲಿ ಕಾಕ್ಸ್‌ಸಾಕಿ ಎಂಬ ವೈರಸ್‌ಗಳನ್ನು 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಅದೇ ಹೆಸರಿನ ಊರಿನ ಮಕ್ಕಳ ಮಲದ ಮಾದರಿಯಲ್ಲಿ ಮೊದಲು ಪತ್ತೆಹಚ್ಚಲಾಯಿತು. 1969ರಲ್ಲಿ ಬ್ರಿಟನ್ನಿನ ಗ್ಯಾಂಬಲ್ ಮತ್ತು ಸಂಗಡಿಗರು, ಹೊಸದಾಗಿ ಡಯಾಬಿಟಿಸ್ ಬಂದವರ ರಕ್ತದಲ್ಲಿ ಕಾಕ್ಸ್‌ಸಾಕಿ ಬಿ4 ವಿರುದ್ಧದ ಪ್ರತಿಕಾಯಗಳು ಹೆಚ್ಚಾಗಿವೆ ಎಂದು ತೋರಿಸಿದರು.

ಹತ್ತು ವರ್ಷಗಳ ಬಳಿಕ, 1979ರಲ್ಲಿ, ಅಮೆರಿಕದಲ್ಲಿ ವರದಿಯಾದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿಯವರೆಗೆ ಆರೋಗ್ಯವಾಗಿದ್ದ ಹತ್ತು ವರ್ಷದ ಹುಡುಗನಿಗೆ ಫ್ಲೂ ತರಹದ ಜ್ವರ ಬಂತು. ಮೂರು ದಿನಗಳೊಳಗೆ ಅವನು ಡಯಾಬಿಟಿಕ್ ಕೀಟೋಅಸಿಡೋಸಿಸ್ ಸ್ಥಿತಿಗೆ, ಅಂದರೆ ಇನ್ಸುಲಿನ್ ಇಲ್ಲದೆ ರಕ್ತ ಆಮ್ಲೀಯವಾಗುವ ತುರ್ತುಸ್ಥಿತಿಗೆ ತಲುಪಿದ. ಏಳು ದಿನಗಳ ನಂತರ ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಅವನ ಮೇದೋಜೀರಕ ಗ್ರಂಥಿಯ ಕೋಶಗುಚ್ಛಗಳೊಳಗೆ ಬಿಳಿ ರಕ್ತಕಣಗಳು ನುಗ್ಗಿದ್ದೂ ಬೀಟಾ ಕೋಶಗಳು ಸತ್ತಿದ್ದೂ ಕಂಡವು. ಆ ಗ್ರಂಥಿಯ ಅಂಗಾಂಶವನ್ನು ಅರೆದು ಕೋಶಗಳ ಕೃಷಿಗೆ ಸೇರಿಸಿದಾಗ ಕಾಕ್ಸ್‌ಸಾಕಿ ಬಿ4ಕ್ಕೆ ಹತ್ತಿರದ ವೈರಸ್ ಒಂದು ಬೆಳೆಯಿತು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅವನ ರಕ್ತದಲ್ಲಿ ಅದೇ ವೈರಸ್ ವಿರುದ್ಧದ ಪ್ರತಿಕಾಯ ಏರಿತ್ತು. ಕೊನೆಗೆ ಆ ವೈರಸನ್ನು ಇಲಿಗಳಿಗೆ ಚುಚ್ಚಿದಾಗ ಇಲಿಗಳ ರಕ್ತದ ಸಕ್ಕರೆಯೂ ಏರಿತು, ಅವುಗಳ ಬೀಟಾ ಕೋಶಗಳೂ ಸತ್ತವು. ಒಂದು ಸೂಕ್ಷ್ಮಜೀವಿ ಒಂದು ರೋಗಕ್ಕೆ ಕಾರಣ ಎಂದು ಸಾಧಿಸಲು ವಿಜ್ಞಾನ ಕೇಳುವ ಸಾಕ್ಷ್ಯಗಳ ಸರಪಳಿ ಇಲ್ಲಿ ಬಹುತೇಕ ಪೂರ್ಣವಾಗಿದೆ.

ಹಾಗಾದರೆ ನಾನು ಆರಂಭದಲ್ಲಿ ಹೇಳಿದ ಮಾತು ಸುಳ್ಳಾಯಿತಲ್ಲ, ಜ್ವರ ಬಂದ ಮೂರೇ ದಿನಕ್ಕೆ ಡಯಾಬಿಟಿಸ್ ಬಂತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ವೈರಸ್ಸೇ ನೇರವಾಗಿ ನುಗ್ಗಿ ಬೀಟಾ ಕೋಶಗಳನ್ನು ಕೊಂದುಹಾಕುವ ಇಂತಹ ಪ್ರಕರಣಗಳು ಇವೆ, ಆದರೆ ಅತಿ ವಿರಳ. ಆ ಹುಡುಗನ ಪ್ರಕರಣ ನಮಗೆ ಕಲಿಸುವುದು ಇಷ್ಟು: ಈ ವೈರಸ್‌ಗೆ ಬೀಟಾ ಕೋಶವನ್ನು ತಲುಪುವ, ಅದನ್ನು ಹಾಳುಮಾಡುವ ಶಕ್ತಿ ಇದೆ. ಉಳಿದ ಬಹುಪಾಲು ಮಕ್ಕಳಲ್ಲಿ ಅದು ಆ ಶಕ್ತಿಯನ್ನು ನಿಧಾನವಾಗಿ, ಬೇರೆ ರೀತಿಯಲ್ಲಿ ಬಳಸುತ್ತದೆಯೇ ಎಂಬುದು ಮುಂದಿನ ನಲವತ್ತು ವರ್ಷಗಳ ಸಂಶೋಧನೆಯ ವಿಷಯವಾಯಿತು.

ಅದನ್ನು ತಿಳಿಯಲು ರೋಗ ಬಂದ ಮೇಲೆ ಹಿಂದಿರುಗಿ ನೋಡಿದರೆ ಸಾಲದು, ಹುಟ್ಟಿದಂದಿನಿಂದಲೇ ಮಕ್ಕಳ ಜೊತೆ ನಡೆಯಬೇಕು. ಫಿನ್ಲೆಂಡಿನಲ್ಲಿ 1994ರಿಂದ ನಡೆಯುತ್ತಿರುವ ಡಿಪ್ ಅಧ್ಯಯನ ಹಾಗೆ ಹುಟ್ಟಿತು. ಅಮೆರಿಕ, ಫಿನ್ಲೆಂಡ್, ಜರ್ಮನಿ ಮತ್ತು ಸ್ವೀಡನ್ ಸೇರಿ ನಡೆಸಿದ ಟೆಡ್ಡಿ ಅಧ್ಯಯನ ಇನ್ನೂ ದೊಡ್ಡದು. ವಂಶವಾಹಿಗಳ ಅಪಾಯ ಹೆಚ್ಚಿದ್ದ 8,000ಕ್ಕೂ ಹೆಚ್ಚು ಶಿಶುಗಳನ್ನು ಅದಕ್ಕೆ ಸೇರಿಸಿಕೊಳ್ಳಲಾಯಿತು. ಮಗುವಿಗೆ ಮೂರು ತಿಂಗಳಾದಾಗಿನಿಂದ ತಂದೆ ತಾಯಂದಿರು ತಿಂಗಳಿಗೊಮ್ಮೆ ಮಗುವಿನ ಮಲದ ಮಾದರಿಯನ್ನು ಪುಟ್ಟ ಡಬ್ಬಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುತ್ತ ಬಂದರು. ವರ್ಷಗಟ್ಟಲೆ ಶ್ರದ್ಧೆಯಿಂದ ಆ ಕೆಲಸ ಮಾಡಿದ ಆ ಕುಟುಂಬಗಳಿಗೆ ನಾವೆಲ್ಲರೂ ಋಣಿಗಳು, ಏಕೆಂದರೆ ಅವರಿಗೆ ಅದರಿಂದ ನೇರವಾದ ಲಾಭವೇನೂ ಇರಲಿಲ್ಲ.

2019ರಲ್ಲಿ ಆ ಮಾದರಿಗಳ ಫಲಿತಾಂಶ ಪ್ರಕಟವಾಯಿತು. ಆಟೋ ಆಂಟಿಬಾಡಿ ಬೆಳೆಸಿಕೊಂಡ ಮಕ್ಕಳನ್ನೂ ಬೆಳೆಸಿಕೊಳ್ಳದ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಒಂದು ಸಲ ಬಂದು ಹೋದ ಸೋಂಕಿಗೆ ಅಷ್ಟೇನೂ ಮಹತ್ವ ಕಾಣಲಿಲ್ಲ. ಎಂಟರೋವೈರಸ್ ಬಿ ಗುಂಪಿನ ಅದೇ ವೈರಸ್ ಒಂದಕ್ಕಿಂತ ಹೆಚ್ಚು ತಿಂಗಳ ಮಾದರಿಗಳಲ್ಲಿ ಸತತವಾಗಿ ಕಾಣಿಸಿಕೊಂಡಿದ್ದ ಮಕ್ಕಳಲ್ಲಿ ಮಾತ್ರ ಆಟೋ ಆಂಟಿಬಾಡಿಗಳ ಅಪಾಯ ಹೆಚ್ಚಿತ್ತು. ಜೊತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯೂ ಬಂತು: ಎಳವೆಯಲ್ಲೇ ಅಡಿನೋವೈರಸ್ ಸಿ ತಗುಲಿದ್ದ ಮಕ್ಕಳಲ್ಲಿ ಅಪಾಯ ಕಡಿಮೆಯಿತ್ತು. ಈ ಎರಡು ವೈರಸ್‌ಗಳೂ ಜೀವಕೋಶದೊಳಗೆ ಹೊಗಲು ಒಂದೇ ಗ್ರಾಹಿಯನ್ನು, ಅಂದರೆ ಕೋಶದ ಮೇಲೆ ಬಾಗಿಲಿನಂತಿರುವ ಪ್ರೋಟೀನನ್ನು, ಬಳಸುತ್ತವೆ, ಆ ಗ್ರಾಹಿ ಬೀಟಾ ಕೋಶಗಳಲ್ಲಿ ಹೇರಳವಾಗಿದೆ. ಈ ಎರಡನ್ನು ಒಟ್ಟಿಗಿಟ್ಟು ನೋಡಿದಾಗ ವೈರಸ್ ಮೇಲಿನ ಅನುಮಾನಕ್ಕೆ ಮೊದಲ ಸಲ ಒಂದು ಖಚಿತವಾದ ಆಕಾರ ಬಂದಂತಾಗುತ್ತದೆ.

ಇಲ್ಲಿ ಒಂದು ಅಡ್ಡ ಮಾತು. ಮಕ್ಕಳಲ್ಲಿ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಕಾಯಿಲೆಯೂ ಕಾಕ್ಸ್‌ಸಾಕಿಯಿಂದಲೇ ಬರುತ್ತದೆ ಎಂದು ಓದಿ ಗಾಬರಿಯಾಗುವ ಪೋಷಕರಿದ್ದಾರೆ. ಅದು ಸಾಮಾನ್ಯವಾಗಿ ಎಂಟರೋವೈರಸ್ ಎ ಗುಂಪಿನ ವೈರಸ್‌ಗಳಿಂದ ಬರುವಂಥದ್ದು, ಟೆಡ್ಡಿಯಲ್ಲಿ ಅಪಾಯ ಕಂಡದ್ದು ಬಿ ಗುಂಪಿನಲ್ಲಿ. ಬಿ ಗುಂಪಿನ ಸೋಂಕು ಕೂಡ ಮಕ್ಕಳಿಗೆ ತೀರಾ ಸಾಮಾನ್ಯ, ಅದು ತಗುಲಿದವರಲ್ಲಿ ಬಹುತೇಕ ಎಲ್ಲರೂ ಡಯಾಬಿಟಿಸ್ ಇಲ್ಲದೆ ಬೆಳೆಯುತ್ತಾರೆ.

ಸೋಂಕು ಒಳಗೆ ಹೋಗಿ ಏನು ಮಾಡುತ್ತದೆ ಎಂಬುದಕ್ಕೆ ಮೇದೋಜೀರಕ ಗ್ರಂಥಿಯನ್ನೇ ನೋಡಬೇಕು, ಅದು ಹೊಟ್ಟೆಯ ಹಿಂಬದಿಯಲ್ಲಿ ಆಳದಲ್ಲಿ ಅಡಗಿರುವ ಅಂಗ. ನಾರ್ವೆಯ ಡಿವಿಡ್ ಅಧ್ಯಯನದಲ್ಲಿ ಹೊಸದಾಗಿ ಟೈಪ್ 1 ಬಂದ ಆರು ಮಂದಿ ವಯಸ್ಕರು ಶಸ್ತ್ರಚಿಕಿತ್ಸೆಯ ಮೂಲಕ ತಮ್ಮ ಗ್ರಂಥಿಯ ತುದಿಯ ಸಣ್ಣ ತುಂಡನ್ನು ಸಂಶೋಧನೆಗೆ ಕೊಟ್ಟರು. ಶಸ್ತ್ರಚಿಕಿತ್ಸೆಯಿಂದ ತೊಡಕುಗಳಾದ ಕಾರಣ ಆರು ಮಂದಿಗೇ ಅದನ್ನು ನಿಲ್ಲಿಸಬೇಕಾಯಿತು. ಆರೂ ಮಂದಿಯ ಕೋಶಗುಚ್ಛಗಳಲ್ಲಿ ಎಂಟರೋವೈರಸ್‌ನ ಹೊದಿಕೆಯ ಪ್ರೋಟೀನು ಕಂಡುಬಂತು. ಅಲ್ಲಿದ್ದುದು ಉರಿದೇಳುವ ಸೋಂಕಲ್ಲ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ, ಬಹಳ ಕಡಿಮೆ ಮಟ್ಟದಲ್ಲಿ ಉಳಿದುಕೊಂಡ ವೈರಸ್ ಅದು. ಅಂತಹ ಕೋಶಗುಚ್ಛಗಳಲ್ಲಿ ಎಚ್‌ಎಲ್‌ಎ ಒಂದನೆಯ ವರ್ಗದ ಅಣುಗಳು, ಅಂದರೆ ಕೋಶದೊಳಗಿನ ಪ್ರೋಟೀನಿನ ತುಣುಕುಗಳನ್ನು ಹೊರಗೆ ಎತ್ತಿ ತೋರಿಸುವ ಅಣುಗಳು, ಅಸಹಜವಾಗಿ ಹೆಚ್ಚಿರುತ್ತವೆ. ವೈರಸ್ ಇದ್ದಲ್ಲಿ ಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ, ಅದರ ಪ್ರಭಾವದಲ್ಲಿ ಬೀಟಾ ಕೋಶಗಳು ತಮ್ಮೊಳಗಿನ ಪ್ರೋಟೀನಿನ ತುಣುಕುಗಳನ್ನು ಹೊರಮೈಯಲ್ಲಿ ಹೆಚ್ಚು ಹೆಚ್ಚಾಗಿ ಪ್ರದರ್ಶಿಸತೊಡಗುತ್ತವೆ, ಅವನ್ನು ಗುರುತಿಸಬಲ್ಲ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ಅವು ಸುಲಭದ ಗುರಿಯಾಗುತ್ತವೆ. ವೈರಸ್‌ನ ಒಂದು ಪ್ರೋಟೀನು ಬೀಟಾ ಕೋಶದ ಪ್ರೋಟೀನನ್ನು ಹೋಲುವುದರಿಂದ ರೋಗನಿರೋಧಕ ವ್ಯವಸ್ಥೆ ಮೋಸಹೋಗುತ್ತದೆ ಎಂಬ ವಾದವೂ ಬಹುಕಾಲದಿಂದ ಇದೆ. ನನಗೆ ಮೊದಲನೆಯ ವಿವರಣೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಸೂಕ್ಷ್ಮದರ್ಶಕದಡಿ ಕಾಣುವ ಚಿತ್ರಕ್ಕೆ ಅದು ಹೊಂದುತ್ತದೆ.

ಈಗ ವಿರುದ್ಧದ ಸಾಕ್ಷ್ಯವನ್ನೂ ಅಷ್ಟೇ ಪ್ರಾಮಾಣಿಕವಾಗಿ ಇಡಬೇಕು. ಫಿನ್ಲೆಂಡಿನ ಮಕ್ಕಳಲ್ಲಿ ಟೈಪ್ 1 ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು. ಗಡಿಯಾಚೆಯ ರಷ್ಯಾದ ಕರೇಲಿಯಾದಲ್ಲಿ ಅಪಾಯಕಾರಿ ವಂಶವಾಹಿಗಳ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ರೋಗದ ಪ್ರಮಾಣ ಸುಮಾರು ಆರನೆಯ ಒಂದು ಭಾಗ ಮಾತ್ರ. ವೈರಸ್ಸೇ ಕಾರಣವಾಗಿದ್ದರೆ ಫಿನ್ಲೆಂಡಿನಲ್ಲಿ ಎಂಟರೋವೈರಸ್ ಹೆಚ್ಚಿರಬೇಕಿತ್ತು. ನೋಡಿದರೆ ಕರೇಲಿಯಾದ ಮಕ್ಕಳಲ್ಲೇ ಅದು ಹೆಚ್ಚು. ಇದಕ್ಕೆ ಕೆಲವರು ಪೋಲಿಯೊದ ಇತಿಹಾಸವನ್ನು ನೆನಪಿಸುತ್ತಾರೆ. ಸ್ವಚ್ಛತೆ ಹೆಚ್ಚಿದಂತೆ ಪೋಲಿಯೊ ಪಾರ್ಶ್ವವಾಯು ಹೆಚ್ಚಾಯಿತು, ಏಕೆಂದರೆ ಹಿಂದೆ ಮಕ್ಕಳು ತಾಯಿಯಿಂದ ಬಂದ ಪ್ರತಿಕಾಯಗಳ ರಕ್ಷಣೆ ಇರುವಾಗಲೇ ಎಳವೆಯಲ್ಲಿ ಆ ವೈರಸನ್ನು ಎದುರಿಸುತ್ತಿದ್ದರು, ಆಮೇಲೆ ಆ ರಕ್ಷಣೆ ಕಳೆದ ಬಳಿಕ ಎದುರಿಸತೊಡಗಿದರು. ಡಯಾಬಿಟಿಸ್‌ನಲ್ಲೂ ಹೀಗೆಯೇ, ಸೋಂಕು ಬಂತೇ ಎಂಬುದಕ್ಕಿಂತ ಯಾವ ವಯಸ್ಸಿನಲ್ಲಿ, ಯಾವ ರಕ್ಷಣೆಯೊಂದಿಗೆ ಬಂತು ಎಂಬುದು ಮುಖ್ಯವಿರಬಹುದು. ವಾದ ಆಕರ್ಷಕವಾಗಿದೆ, ಸಾಧಿತವಾಗಿಲ್ಲ. ಅಲ್ಲದೆ ಟೆಡ್ಡಿಯ ಫಲಿತಾಂಶವನ್ನೇ ತಲೆಕೆಳಗಾಗಿ ಓದಬಹುದು: ವೈರಸ್ ದೀರ್ಘಕಾಲ ಉಳಿದದ್ದರಿಂದ ಆಟೋ ಆಂಟಿಬಾಡಿ ಬಂತೋ, ಅಥವಾ ವೈರಸನ್ನು ಬೇಗ ಹೊರಹಾಕಲಾಗದ ರೋಗನಿರೋಧಕ ವ್ಯವಸ್ಥೆಯೇ ಆಟೋ ಆಂಟಿಬಾಡಿಯನ್ನೂ ಹುಟ್ಟಿಸುತ್ತದೆಯೋ? ಜೊತೆ ಜೊತೆಗೆ ಕಂಡದ್ದೆಲ್ಲ ಕಾರಣವಾಗುವುದಿಲ್ಲ.

ಕೋವಿಡ್ ವಿಷಯದಲ್ಲಿ ಇದೇ ಎಚ್ಚರ ಬೇಕಾಯಿತು. 2022ರ ಆರಂಭದಲ್ಲಿ ಅಮೆರಿಕದ ವಿಮಾ ದಾಖಲೆಗಳ ಆಧಾರದ ಮೇಲೆ, ಕೋವಿಡ್ ಬಂದು 30 ದಿನ ಕಳೆದ ಮಕ್ಕಳಲ್ಲಿ ಹೊಸ ಡಯಾಬಿಟಿಸ್ ಹೆಚ್ಚಿದೆ ಎಂಬ ವರದಿ ಬಂತು. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ನೋಡಿದಾಗ ಸಂಬಂಧ ಕಂಡದ್ದು ಸೋಂಕಿನ ಮೊದಲ 30 ದಿನಗಳಲ್ಲಿ ಮಾತ್ರ, ಆಮೇಲೆ ಕಾಣಲಿಲ್ಲ. ಡಯಾಬಿಟಿಸ್‌ಗೆಂದು ಆಸ್ಪತ್ರೆಗೆ ಬಂದ ಮಗುವಿಗೆ ಅಲ್ಲೇ ಕೋವಿಡ್ ಪರೀಕ್ಷೆಯೂ ಆಗುತ್ತಿತ್ತು ಎಂಬುದನ್ನು ನೆನೆದರೆ ಆ 30 ದಿನಗಳ ಸಂಬಂಧಕ್ಕೆ ಬೇರೆಯೇ ಅರ್ಥ ಬರುತ್ತದೆ. ಇತರ ಕೆಲವು ಅಧ್ಯಯನಗಳು ಸಂಬಂಧವಿದೆ ಎಂದಿವೆ. ನಾನಂತೂ ಇದನ್ನು ಇನ್ನೂ ತೀರ್ಮಾನವಾಗದ ಪಟ್ಟಿಯಲ್ಲಿ ಇಟ್ಟಿದ್ದೇನೆ.

ಲಸಿಕೆಗಳ ಬಗ್ಗೆ ಮಾತ್ರ ಅಂತಹ ಸಂದಿಗ್ಧ ಇಲ್ಲ. ವೈರಸ್ ಡಯಾಬಿಟಿಸ್ ತರಬಹುದಾದರೆ ಲಸಿಕೆಯೂ ತರಬಹುದಲ್ಲವೇ ಎಂದು ಕೇಳುವವರಿದ್ದಾರೆ. 1990ರಿಂದ 2000ದವರೆಗೆ ಡೆನ್ಮಾರ್ಕಿನಲ್ಲಿ ಹುಟ್ಟಿದ 7 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲ್ಯದ ಲಸಿಕೆಗಳಿಗೂ ಟೈಪ್ 1 ಡಯಾಬಿಟಿಸ್‌ಗೂ ಸಂಬಂಧ ಕಂಡುಬರಲಿಲ್ಲ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ರೋಟಾವೈರಸ್ ಲಸಿಕೆ ಆರಂಭವಾದ ಮೇಲೆ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಹೊಸ ಟೈಪ್ 1 ಪ್ರಕರಣಗಳು ಶೇಕಡಾ 14ರಷ್ಟು ಇಳಿದವು. ಫಿನ್ಲೆಂಡಿನಲ್ಲಿ ಅಂತಹ ಲಾಭ ಕಾಣಲಿಲ್ಲವಾದ್ದರಿಂದ ಇದನ್ನು ಲಸಿಕೆಯ ಗೆಲುವೆಂದು ನಾನು ಸಾರುವುದಿಲ್ಲ, ಆದರೆ ಹಾನಿಯ ಸುಳಿವು ಎಲ್ಲೂ ಇಲ್ಲ.

ಪೋಷಕರಿಗೆ, ಶಿಕ್ಷಕರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜ್ವರ ಬಂದ ಪ್ರತಿ ಮಗುವಿಗೂ ಡಯಾಬಿಟಿಸ್ ಹುಡುಕಬೇಕಾಗಿಲ್ಲ. ಆದರೆ ಮಗು ಪದೇ ಪದೇ ನೀರು ಕೇಳುತ್ತಿದ್ದರೆ, ಮೂತ್ರ ಹೆಚ್ಚಾಗಿದ್ದರೆ, ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ, ತೂಕ ಇಳಿಯುತ್ತಿದ್ದರೆ ಅಂದೇ ರಕ್ತದ ಸಕ್ಕರೆ ನೋಡಿಸಿ. ಬೆರಳ ತುದಿಯ ಒಂದು ಹನಿ ರಕ್ತ, ಒಂದು ನಿಮಿಷದ ಕೆಲಸ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. “ವೈರಲ್ ಜ್ವರ, ಸುಸ್ತು ಸಹಜ” ಎಂದು ಕಳುಹಿಸಿದ ಮಗು ಎರಡು ದಿನದಲ್ಲಿ ಕೀಟೋಅಸಿಡೋಸಿಸ್‌ನಲ್ಲಿ ಹಿಂದಿರುಗುವುದು ಇಂದಿಗೂ ನಡೆಯುತ್ತಿದೆ.

ಕೊನೆಗೆ, ವೈರಸ್ ಕಾರಣವೆಂದು ಸಾಧಿಸುವುದು ಹೇಗೆ? ಅದನ್ನು ತಡೆದು ನೋಡಬೇಕು. 2023ರಲ್ಲಿ ನಾರ್ವೆಯ ಅದೇ ಡಿವಿಡ್ ತಂಡ, 6ರಿಂದ 15 ವರ್ಷದ 96 ಮಂದಿ ಹೊಸ ರೋಗಿಗಳಲ್ಲಿ ಒಂದು ಗುಂಪಿಗೆ ಪ್ಲೆಕೊನಾರಿಲ್ ಮತ್ತು ರೈಬಾವಿರಿನ್ ಎಂಬ ವೈರಸ್ ನಿರೋಧಕ ಔಷಧಗಳನ್ನು, ಇನ್ನೊಂದು ಗುಂಪಿಗೆ ಔಷಧವಿಲ್ಲದ ಗುಳಿಗೆಯನ್ನು ಆರು ತಿಂಗಳು ಕೊಟ್ಟ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿತು. ಒಂದು ವರ್ಷದ ಬಳಿಕ ಔಷಧ ಪಡೆದವರಲ್ಲಿ ಸ್ವಂತ ಇನ್ಸುಲಿನ್ ಉತ್ಪಾದನೆ ಸ್ವಲ್ಪ ಹೆಚ್ಚು ಉಳಿದಿತ್ತು. ರೋಗ ಗುಣವಾಗಲಿಲ್ಲ, ಎಲ್ಲರಿಗೂ ಇನ್ಸುಲಿನ್ ಬೇಕೇ ಬೇಕಾಯಿತು. ಆದರೂ ವೈರಸನ್ನು ತಡೆದಾಗ ಬೀಟಾ ಕೋಶಗಳಿಗೆ ಅನುಕೂಲವಾಗುತ್ತದೆ ಎಂಬ ಸುಳಿವು ಮೊದಲ ಸಲ ಮಕ್ಕಳಲ್ಲೇ ಸಿಕ್ಕಿತು. ಇನ್ನೊಂದು ಕಡೆ, ಕಾಕ್ಸ್‌ಸಾಕಿ ಬಿ ಗುಂಪಿನ ಐದು ವೈರಸ್‌ಗಳ ವಿರುದ್ಧ ಫಿನ್ಲೆಂಡಿನಲ್ಲಿ ರೂಪುಗೊಂಡ ಲಸಿಕೆಯನ್ನು ಆರೋಗ್ಯವಂತ ವಯಸ್ಕರಲ್ಲಿ ಮೊದಲ ಹಂತದಲ್ಲಿ ಪರೀಕ್ಷಿಸಲಾಗಿದೆ. ಅದು ಸುರಕ್ಷಿತವಾಗಿತ್ತು, ಪ್ರತಿಕಾಯಗಳನ್ನೂ ಹುಟ್ಟಿಸಿತು. ಡಯಾಬಿಟಿಸನ್ನು ತಡೆಯುತ್ತದೆಯೇ ಎಂದು ತಿಳಿಯಬೇಕಾದರೆ ಅಪಾಯ ಹೆಚ್ಚಿರುವ ಸಾವಿರಾರು ಶಿಶುಗಳಿಗೆ, ಆಟೋ ಆಂಟಿಬಾಡಿಗಳು ಹುಟ್ಟುವ ಮುನ್ನವೇ, ಅದನ್ನು ಕೊಟ್ಟು ಅವರು ಶಾಲೆಯ ವಯಸ್ಸು ದಾಟುವವರೆಗೆ ಅವರ ರಕ್ತವನ್ನು ಪರೀಕ್ಷಿಸುತ್ತ ಕಾಯಬೇಕು.